ವಜ್ರದ ಕಳಂಕ

ಕುಂದಾಪುರದಿಂದ ಘಟ್ಟದ ಕಡೆಗೆ ಸಾಗುವ ದಾರಿಯಲ್ಲಿ, ತೋಟ ಗದ್ದೆಗಳು ಮುಗಿದು ಕಾಡು ತೊಡಗುವ ಎಡೆಯಲ್ಲಿ ಕೆರಾಡಿ ಎಂಬ ಗ್ರಾಮವಿದೆ. ಮೂಡುಗಲ್ಲಿನ ಗುಹೆಯಲ್ಲಿ ನೀರಿನ ನಡುವೆ ನೆಲಸಿರುವ ಕೇಶವನಾಥೇಶ್ವರನನ್ನು ಕಾಣಲು ಬರುವ ಭಕ್ತರಿಗೆ ಈ ಊರಿನ ಹೆಸರು ಹಳೆಯದು. ೨೦೨೨ರಲ್ಲಿ ತೆರೆಕಂಡ 'ಕಾಂತಾರ' ಚಲನಚಿತ್ರದ ದೆಸೆಯಿಂದ ಅದು ಉಳಿದವರಿಗೂ ಪರಿಚಿತವಾಯಿತು. ನಾನು ಅಲ್ಲಿಗೆ ಹೋದುದು ಮಾತ್ರ ದೇವರಿಗಾಗಿಯೂ ಅಲ್ಲ, ಚಿತ್ರಕ್ಕಾಗಿಯೂ ಅಲ್ಲ. ದೊಡ್ಡಮ್ಮನ ಹಿರಿಯ ಮೊಮ್ಮಗಳಿಗೆ ಮದುವೆ ನಿಶ್ಚಯವಾಗಿತ್ತು; ಮನೆಯಲ್ಲಿ ಒಂದು ಸಣ್ಣ ಕಲ್ಲಿನ ವಿಷಯವಾಗಿ ದೊಡ್ಡ ಮನಸ್ತಾಪ ಎದ್ದಿತ್ತು.

ಆ ಕಲ್ಲು ಒಂದು ವಜ್ರದ ಮೂಗುತಿ. ದೊಡ್ಡಮ್ಮ ಮದುವೆಯಾಗಿ ಬಂದ ದಿನ ಆಕೆಯ ಅತ್ತೆ ತಮ್ಮ ಮೂಗಿನಿಂದ ಕಳಚಿ ತೊಡಿಸಿದುದು. ದೊಡ್ಡಪ್ಪ ಅಕಾಲದಲ್ಲಿ ತೀರಿಕೊಂಡಾಗ ಅದನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿ, ಕುಂಕುಮದ ಭರಣಿಯಲ್ಲಿ ಇಟ್ಟಿದ್ದರು. ಈಗ ಮೊಮ್ಮಗಳಿಗೆ ಕೊಡೋಣವೆಂದು ಹೊಳಪು ಮಾಡಿಸಲು ಪೇಟೆಯ ಅಂಗಡಿಯೊಂದಕ್ಕೆ ಕಳುಹಿಸಿದರೆ, ಅಲ್ಲಿಯವರು ದೀಪದ ಕೆಳಗೆ ಹಿಡಿದು ನೋಡಿ, "ಇದು ದೋಷದ ಕಲ್ಲು, ನೀಲಿ ಬೆಳಕು ಬಿಡುತ್ತದೆ, ಬೆಲೆ ಬಾರದು" ಎಂದು ಹಿಂದಕ್ಕೆ ಕೊಟ್ಟರು. ಅಂಗಡಿಯವರು ಹೇಳಿದ್ದು ವ್ಯಾಪಾರದ ಮಾತು. ಮನೆಗೆ ಬಂದ ಬಂಧುಗಳು ಅದಕ್ಕೆ ಬೇರೊಂದು ಅರ್ಥ ಹಚ್ಚಿದರು. ದೋಷವುಳ್ಳ ವಜ್ರ ಮನೆಯ ಯಜಮಾನನಿಗೆ ಆಗಿಬರುವುದಿಲ್ಲ ಎಂದು ಶಾಸ್ತ್ರವೇ ಇದೆಯಲ್ಲ ಎಂದು ಒಬ್ಬರು ಅಂದರು. ಉಳಿದವರು ಸುಮ್ಮನಿದ್ದರು, ಆ ಮೌನ ಮಾತಿಗಿಂತ ಕೆಟ್ಟದಾಗಿತ್ತು.

ನಾನು ಹೋದ ಸಂಜೆ ದೊಡ್ಡಮ್ಮ ಭರಣಿಯನ್ನು ನನ್ನ ಮುಂದಿಟ್ಟರು. "ಕಲ್ಲಂಗೆ ದೋಷ ಇತ್ತಂಬ್ರ್, ಮಗಾ. ನೀನೇ ಕಾಣ್," ಎಂದರು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಮುಖ ನೋಡದೆ, "ಇದ್ರಿಂದ್ಲೇ ಅವ್ರಿಗೆ ಹಾಂಗಾಯ್ತಾ?" ಎಂದು ಕೇಳಿದರು.

ನಮ್ಮ ಹಿರಿಯರು ವಜ್ರವನ್ನು ಪರೀಕ್ಷಿಸುವುದರಲ್ಲಿ ಕಡಿಮೆಯವರಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೆ ಒಂದು ಅಧ್ಯಾಯವೇ ಮೀಸಲು. ರತ್ನಶಾಸ್ತ್ರದ ಗ್ರಂಥಗಳು ಮಲ, ಬಿಂದು, ಯವ, ರೇಖೆ, ಕಾಕಪದ ಎಂದು ವಜ್ರಕ್ಕೆ ಐದು ದೋಷಗಳನ್ನು ಹೇಳುತ್ತವೆ. ಪ್ರಪಂಚಕ್ಕೆಲ್ಲ ವಜ್ರವನ್ನು ಒದಗಿಸುತ್ತಿದ್ದ ದೇಶ ಹದಿನೆಂಟನೆಯ ಶತಮಾನದವರೆಗೆ ಬಹುಮಟ್ಟಿಗೆ ನಮ್ಮದೇ ಆಗಿತ್ತು. ಬಳ್ಳಾರಿಯ ಗಡಿಯಾಚೆ ವಜ್ರಕರೂರಿನ ಹೊಲಗಳಲ್ಲಿ ಮುಂಗಾರು ಸುರಿದ ಮೇಲೆ ಜನ ಇಂದಿಗೂ ಬಾಗಿ ಬಾಗಿ ವಜ್ರ ಹುಡುಕುತ್ತಾರೆ. ಹೀಗಿರುವಲ್ಲಿ ಕಣ್ಣಿಗೆ ಕಂಡ ಕಲೆಗಳಿಗೆಲ್ಲ ಹೆಸರಿಟ್ಟುದು ಸಹಜವೇ. ಆದರೆ ಕಣ್ಣಿಗೆ ಕಾಣದ ದೋಷವೊಂದು ವಜ್ರದಲ್ಲಿ ಉಂಟು. ಅದರ ಬೆನ್ನು ಹತ್ತಿದವರ ಕಥೆ ಬಹಳ ಮಟ್ಟಿಗೆ ನಮ್ಮ ಬೆಂಗಳೂರಿನದು. ಆ ರಾತ್ರಿ ಕೆರಾಡಿಯಲ್ಲಿ ನಾನು ದೊಡ್ಡಮ್ಮನಿಗೆ ಹೇಳಿದ್ದೂ ಅದನ್ನೇ.

ಸರ್ ಸಿ. ವಿ. ರಾಮನ್ ೧೯೩೩ರಲ್ಲಿ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ೧೯೩೭ರಲ್ಲಿ ಆ ಪದವಿಯನ್ನು ಬಿಟ್ಟರೂ ೧೯೪೮ರವರೆಗೆ ಅಲ್ಲಿಯ ಭೌತವಿಜ್ಞಾನ ವಿಭಾಗದಲ್ಲಿಯೇ ಉಳಿದರು. ಅವರಿಗೆ ವಜ್ರವೆಂದರೆ ಹುಚ್ಚು ಎನ್ನುವಷ್ಟು ಪ್ರೀತಿ. ಇಂಗಾಲವೊಂದೇ ಧಾತುವಿನಿಂದ ಆದ, ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಹರಳು ಬೇರೊಂದಿಲ್ಲ. ಅದನ್ನು ತಿಳಿದರೆ ಘನವಸ್ತುಗಳ ಗುಟ್ಟೇ ಕೈಗೆ ಸಿಕ್ಕಿತೆಂದು ಅವರ ನಂಬಿಕೆ. ಭಾರತ ಮತ್ತು ಆಫ್ರಿಕದಿಂದ ಬಂದ ಮುನ್ನೂರರಷ್ಟು ವಜ್ರಗಳು ಅವರ ಪ್ರಯೋಗಶಾಲೆಯಲ್ಲಿದ್ದುವು. ೧೯೪೦ರ ಆಚೀಚೆಗೆ ಅವರ ಶಿಷ್ಯರಲ್ಲಿ ಹೆಚ್ಚುಕಡಮೆ ಎಲ್ಲರೂ ವಜ್ರದ ಒಂದಲ್ಲ ಒಂದು ಗುಣವನ್ನು ಅಳೆಯುತ್ತಿದ್ದವರೇ.

ಆ ಶಿಷ್ಯರ ನಡುವೆ ೧೯೪೦ರಲ್ಲಿ ವಿದ್ಯಾರ್ಥಿವೇತನ ಪಡೆದು ಸೇರಿದ ತರುಣಿಯೊಬ್ಬಳಿದ್ದಳು. ಹೆಸರು ಅಣ್ಣಾ ಮಣಿ. ತಿರುವಾಂಕೂರಿನ ಪೀರುಮೇಡಿನಲ್ಲಿ ೧೯೧೮ರಲ್ಲಿ ಜನನ. ಆಕೆಯ ಬಾಲ್ಯದ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಅವರ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೆ ಎಂಟನೆಯ ಹುಟ್ಟುಹಬ್ಬದಂದು ವಜ್ರದ ಓಲೆ ಕೊಡುವ ವಾಡಿಕೆ. ಅಣ್ಣಾ ಓಲೆ ಬೇಡವೆಂದು ಹಟ ಹಿಡಿದು, ಅದರ ಬದಲಿಗೆ ಬ್ರಿಟಾನಿಕ ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದಳಂತೆ! ವಿಧಿಯ ವಿನೋದ ನೋಡಿ: ಕಿವಿಗೆ ವಜ್ರ ಬೇಡವೆಂದ ಹುಡುಗಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮುನ್ನೂರು ವಜ್ರಗಳ ನಡುವೆ ಬಂದು ಕುಳಿತಳು.

ಆಕೆ ಮಾಡಿದ ಕೆಲಸ ಎಂತಹದು? ಕೆಲವು ವಜ್ರಗಳಿಗೆ ಅತಿನೇರಿಳೆ ಕಿರಣ ತಾಕಿಸಿದರೆ ಅವು ತಾವಾಗಿ ನೀಲಿಯಾಗಿಯೋ ಹಸುರಾಗಿಯೋ ಬೆಳಗುತ್ತವೆ. ಇದಕ್ಕೆ ಪ್ರತಿದೀಪ್ತಿಯೆಂದು ಹೆಸರು. ಕೆಲವು ಪ್ರಜ್ವಲವಾಗಿ ಬೆಳಗುತ್ತವೆ, ಕೆಲವು ಮಿಣುಕುತ್ತವೆ, ಕೆಲವಕ್ಕೆ ಏನೂ ಆಗುವುದಿಲ್ಲ. ಹೀಗೇಕೆ? ಮಣಿ ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಒಂದೊಂದಾಗಿ ತೆಗೆದುಕೊಂಡು, ದ್ರವವಾಯುವಿನ ಕೊರೆಯುವ ತಂಪಿನಲ್ಲಿರಿಸಿ, ಅವುಗಳ ಬೆಳಕನ್ನು ರೋಹಿತವಾಗಿ ಬಿಡಿಸಿ ಛಾಯಾಫಲಕದ ಮೇಲೆ ಹಿಡಿದರು. ಮಂಕಾದ ವಜ್ರಗಳ ರೋಹಿತ ಮೂಡಲು ಹದಿನೈದರಿಂದ ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ಎಷ್ಟೋ ರಾತ್ರಿಗಳು ಪ್ರಯೋಗಶಾಲೆಯಲ್ಲಿಯೇ ಕಳೆದುವು. ೧೯೪೨ರಿಂದ ೧೯೪೫ರವರೆಗೆ ಆಕೆಯೊಬ್ಬರ ಹೆಸರಿನಲ್ಲಿಯೇ ಐದು ಲೇಖನಗಳು ಪ್ರಕಟವಾದುವು. ನೀಲಿಯಾಗಿ ಬೆಳಗುವ ವಜ್ರಗಳ ರೋಹಿತದಲ್ಲಿ ೪೧೫೨ ಆಂಗ್‌ಸ್ಟ್ರಾಂ ಅಲೆಯುದ್ದದ ಬಳಿ ಒಂದು ಚೂಪಾದ ಗೆರೆ, ಹಸುರಾಗಿ ಬೆಳಗುವುವುಗಳಲ್ಲಿ ೫೦೩೨ರ ಬಳಿ ಇನ್ನೊಂದು: ಈ ಎರಡು ಗೆರೆಗಳನ್ನು ಬೆಂಗಳೂರಿನ ಆ ಪ್ರಯೋಗಶಾಲೆ ಬಹು ಜಾಗರೂಕತೆಯಿಂದ ಅಳೆದಿತ್ತು.

೧೯೪೫ರ ಆಗಸ್ಟಿನಲ್ಲಿ ಮಣಿ ತಮ್ಮ ಪ್ರಬಂಧವನ್ನು ಡಾಕ್ಟರೇಟ್ ಪದವಿಗಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು; ಬೆಂಗಳೂರಿನ ಸಂಶೋಧನೆಗೆ ಆ ಕಾಲದಲ್ಲಿ ಪದವಿ ಕೊಡುತ್ತಿದ್ದುದು ಆ ವಿಶ್ವವಿದ್ಯಾಲಯವೇ. ಆಕೆಗೆ ಎಂ.ಎಸ್‌ಸಿ. ಇಲ್ಲವೆಂಬ ಕಾರಣ ಹೇಳಿ ಪದವಿಯನ್ನು ಕೊಡಲಿಲ್ಲ. ಭೌತ ರಸಾಯನ ಶಾಸ್ತ್ರಗಳಲ್ಲಿ ಆನರ್ಸ್ ಮಾಡಿದ್ದ, ಅದರ ಬಲದಿಂದಲೇ ಸಂಶೋಧನೆಗೆ ಆಯ್ಕೆಯಾಗಿದ್ದ, ಐದು ಲೇಖನಗಳನ್ನು ಪ್ರಕಟಿಸಿದ್ದ ವ್ಯಕ್ತಿಗೆ ಇದು ನ್ಯಾಯವೇ? ನನಗಂತೂ ಅಲ್ಲವೆಂದೇ ತೋರುತ್ತದೆ. ಅವರ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನ ಮಂದಿರದ ಗ್ರಂಥಾಲಯದಲ್ಲಿ, ಪದವಿ ಪಡೆದವರ ಪ್ರಬಂಧಗಳ ಸಾಲಿನಲ್ಲಿಯೇ ಕುಳಿತಿದೆ. ಮಣಿ ಅದಕ್ಕಾಗಿ ಕೊರಗಿ ಕುಳಿತವರಲ್ಲ. ಸರಕಾರದ ವಿದ್ಯಾರ್ಥಿವೇತನದಿಂದ ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತು, ೧೯೪೮ರಲ್ಲಿ ಮರಳಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿ, ೧೯೭೬ರಲ್ಲಿ ಅದರ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಬಿಸಿಲು ಗಾಳಿಗಳನ್ನು ಅಳೆಯುವ ವಿದ್ಯೆಗೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದವರಲ್ಲಿ ಅವರೊಬ್ಬರು. ೨೦೦೧ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ವಜ್ರಗಳ ಕಡೆಗೆ ಮತ್ತೆ ಹೋಗಲಿಲ್ಲ.

ಇನ್ನು ರಾಮನ್ನರ ವಿಚಾರ. ವಜ್ರ ಬೆಳಗುವುದು ಅದರೊಳಗಿನ ಕಲ್ಮಷದಿಂದಲ್ಲ, ಅದರ ಸ್ವಂತ ರಚನೆಯಿಂದಲೇ ಎಂದು ಅವರು ವಾದಿಸಿದರು. ವಜ್ರದಲ್ಲಿ ನಾಲ್ಕು ಬಗೆಯ ಅಂತರಂಗ ರಚನೆಗಳಿವೆ, ಅವು ಒಂದರೊಳಗೊಂದು ಹೆಣೆದುಕೊಂಡಾಗ ಪ್ರತಿದೀಪ್ತಿ ತೋರುತ್ತದೆ ಎಂಬುದು ಅವರ ಸಿದ್ಧಾಂತ. ಇಂಗ್ಲೆಂಡಿನ ಕ್ಯಾಥಲೀನ್ ಲಾನ್ಸ್‌ಡೇಲ್ ಮೊದಲಾದ ಹರಳು ತಜ್ಞರು ಒಪ್ಪಲಿಲ್ಲ. ವಾದ ಬಿಸಿಯಾಗಿಯೇ ನಡೆಯಿತು. ರಾಮನ್ ಸೋಲೊಪ್ಪುವ ಸ್ವಭಾವದವರಲ್ಲ. ಆದರೆ ೧೯೫೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಕೈಸರ್ ಮತ್ತು ಬಾಂಡ್ ಎಂಬವರು ಸಾಮಾನ್ಯ ವಜ್ರಗಳಲ್ಲಿ ಸಾರಜನಕದ ಪರಮಾಣುಗಳು ನುಸುಳಿಕೊಂಡಿರುವುದನ್ನು ತೋರಿಸಿಕೊಟ್ಟರು. ಕೆಲವು ಹರಳುಗಳಲ್ಲಿ ಸಾವಿರಕ್ಕೆ ಎರಡರವರೆಗೂ! ಮುಂದಿನ ದಶಕಗಳಲ್ಲಿ ಆ ಗೆರೆಗಳ ಒಡೆಯರು ಯಾರೆಂಬುದೂ ತಿಳಿಯಿತು. ನೀಲಿ ಬೆಳಕಿನ ೪೧೫೨ರ ಗೆರೆ, ಒಂದು ಖಾಲಿ ಜಾಗದ ಸುತ್ತ ಕೂಡಿದ ಮೂರು ಸಾರಜನಕಗಳದು. ಹಸುರಿನ ೫೦೩೨ರದು, ಖಾಲಿ ಜಾಗದ ಎರಡು ಪಕ್ಕಗಳಲ್ಲಿ ಕುಳಿತ ಎರಡು ಸಾರಜನಕಗಳದು. ಗುರುವಿನ ಸಿದ್ಧಾಂತ ಬಿದ್ದುಹೋಯಿತು. ಶಿಷ್ಯೆ ಛಾಯಾಫಲಕದ ಮೇಲೆ ಹಿಡಿದ ಗೆರೆಗಳು ಮಾತ್ರ ಇದ್ದಲ್ಲಿಯೇ ಇವೆ.

"ಖಾಲಿ ಜಾಗವೆಂದರೆ ಎಂಥದ್ದು?" ಎಂದು ದೊಡ್ಡಮ್ಮ ಕೇಳಿದರು. ಆಗ ಉತ್ತರ ಕೊಟ್ಟವಳು ಕಿರಿಯ ಮೊಮ್ಮಗಳು. ಮಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದಾಳೆ. "ಅಮ್ಮಮ್ಮ, ದೇವಸ್ಥಾನದ ಪಂಕ್ತಿಯನ್ನು ನೆನಸಿಕೊಳ್ಳಿ," ಎಂದಳು. ಸಾಲಾಗಿ ಎಲೆ ಹಾಕಿದೆ. ಎಲ್ಲ ಎಲೆಗಳ ಮುಂದೆಯೂ ಇಂಗಾಲದ ಮನೆಯವರು ಕುಳಿತಿದ್ದಾರೆ. ಪ್ರತಿಯೊಬ್ಬನಿಗೂ ನಾಲ್ಕು ಕೈ. ನಾಲ್ಕು ಕೈಗಳಿಂದ ನಾಲ್ವರು ನೆರೆಯವರನ್ನು ಹಿಡಿದಿದ್ದಾನೆ. ಆ ಹಿಡಿತವೇ ವಜ್ರದ ಗಟ್ಟಿತನ. ಒಂದು ಎಲೆಯ ಮುಂದೆ ಮಾತ್ರ ಯಾರೂ ಇಲ್ಲ. ಅದರ ಪಕ್ಕದ ಎಲೆಗೆ ಪರವೂರಿನ ನೆಂಟನೊಬ್ಬ, ಸಾರಜನಕ, ಬಂದು ಕುಳಿತಿದ್ದಾನೆ. ಈ ಖಾಲಿ ಎಲೆ ಮತ್ತು ಈ ನೆಂಟ ಸೇರಿದ ಜೋಡಿಗೆ ವಿಜ್ಞಾನಿಗಳು 'ಎನ್‌ವಿ ಕೇಂದ್ರ' ಎಂದು ಹೆಸರಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಅಳೆದ ಎರಡು ಗೆರೆಗಳ ಒಡೆಯರಿಗೆ ಇದು ಹತ್ತಿರದ ದಾಯಾದಿ. ಇಲ್ಲಿ ಸಾರಜನಕ ಒಂದೇ, ಬೆಳಕಿನ ಬಣ್ಣ ಕೆಂಪು, ಅದರ ಗೆರೆ ೬೩೭೦ ಆಂಗ್‌ಸ್ಟ್ರಾಂನ ಬಳಿ.

ಖಾಲಿ ಎಲೆಯ ಸುತ್ತ ಹಿಡಿಯಲು ಯಾರೂ ಇಲ್ಲದ ಕೈಗಳು ಉಳಿಯುತ್ತವಷ್ಟೆ. ಅಲ್ಲಿ ಆರು ಎಲೆಕ್ಟ್ರಾನುಗಳು ಸೇರುತ್ತವೆ. ಅವುಗಳಲ್ಲಿ ಎರಡು ಜೊತೆಗಾಣದೆ ಒಂಟಿಯಾಗಿರುತ್ತವೆ. ಎಲೆಕ್ಟ್ರಾನಿಗೆ 'ಸ್ಪಿನ್' ಎಂಬ ಹುಟ್ಟುಗುಣವುಂಟು. ಅದರಿಂದಾಗಿ ಅದು ಅತಿ ಚಿಕ್ಕ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಈ ಒಂಟಿ ಎಲೆಕ್ಟ್ರಾನುಗಳ ಜೋಡಿಗೆ ಮೂರು ನಿಲುವುಗಳು ಸಾಧ್ಯ. ಸೋಜಿಗವೇನೆಂದರೆ, ಹಸುರು ಲೇಸರ್ ಬೆಳಕನ್ನು ಬಿಟ್ಟಾಗ ಒಂದು ನಿಲುವಿನಲ್ಲಿ ಕೇಂದ್ರ ಚೆನ್ನಾಗಿ ಕೆಂಪಗೆ ಬೆಳಗುತ್ತದೆ, ಉಳಿದೆರಡರಲ್ಲಿ ಮಂಕಾಗುತ್ತದೆ. ಎಂದರೆ ಪರಮಾಣುವಿನಷ್ಟು ಚಿಕ್ಕ ಸೂಜಿಗಲ್ಲು ಎತ್ತ ಮುಖಮಾಡಿದೆಯೆಂಬುದನ್ನು ಬೆಳಕು ನೋಡಿಯೇ ಹೇಳಬಹುದು! ಅದನ್ನು ಒಂದು ನಿಲುವಿನಿಂದ ಇನ್ನೊಂದಕ್ಕೆ ಹೊರಳಿಸುವುದಕ್ಕೆ ಸೆಕೆಂಡಿಗೆ ಸುಮಾರು ೨೮೭ ಕೋಟಿ ಸಲ ಕಂಪಿಸುವ ಮೈಕ್ರೋವೇವ್ ಸಾಕು. ೧೯೯೭ರಲ್ಲಿ ಜರ್ಮನಿಯ ಕೆಮ್ನಿಟ್ಸ್‌ನ ವಿಜ್ಞಾನಿಗಳು ಇಂತಹ ಒಂದೇ ಒಂದು ಕೇಂದ್ರವನ್ನು ಪ್ರತ್ಯೇಕವಾಗಿ ಕಂಡು, ಅದರ ಸ್ಪಿನ್ನನ್ನು ಹೀಗೆ ಓದಿದರು. ಅಲ್ಲಿಂದ ಮುಂದೆ ವಜ್ರದ ದೋಷಕ್ಕೆ ಅದೃಷ್ಟ ತೆರೆಯಿತು.

ಕ್ವಾಂಟಂ ಯಂತ್ರಗಳ ವಿಷಯ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಅವುಗಳಲ್ಲಿ ಬಹಳಷ್ಟಕ್ಕೆ ಸೊನ್ನೆಯ ಕೆಳಗೆ ೨೭೩ ಡಿಗ್ರಿಯ ಸಮೀಪದ ಚಳಿ ಬೇಕು. ಇಲ್ಲದಿದ್ದರೆ ಸುತ್ತಲ ಪರಮಾಣುಗಳ ನಡುಕಕ್ಕೆ ಸೂಕ್ಷ್ಮವಾದ ಕ್ವಾಂಟಂ ಸ್ಥಿತಿ ಒಡೆದುಹೋಗುತ್ತದೆ. ವಜ್ರದಲ್ಲಿ ಹಾಗಲ್ಲ. ಅದರ ಪರಮಾಣುಗಳ ಹಿಡಿತ ಅಷ್ಟು ಬಿಗಿ. ಮೇಲಾಗಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಇಂಗಾಲದ ಪರಮಾಣುಗಳ ಬೀಜಕೇಂದ್ರಕ್ಕೆ ಸ್ಪಿನ್ನೇ ಇಲ್ಲವಾದ್ದರಿಂದ ನೆರೆಹೊರೆ ನಿಶ್ಶಬ್ದ. ಗೋಪಾಲಕೃಷ್ಣನ್ ಬಾಲಸುಬ್ರಮಣಿಯನ್ ಮತ್ತು ಅವರ ಜರ್ಮನಿಯ ಸಹೋದ್ಯೋಗಿಗಳು ಉಳಿದ ಒಂದು ಪಾಲನ್ನೂ ಬಹುಮಟ್ಟಿಗೆ ತೆಗೆದ ವಜ್ರವನ್ನು ಬಳಸಿ, ೨೦೦೯ರಲ್ಲಿ, ಸಾಮಾನ್ಯ ಕೊಠಡಿಯ ಬಿಸಿಯಲ್ಲಿಯೇ ಆ ಸ್ಥಿತಿಯನ್ನು ೧.೮ ಮಿಲಿಸೆಕೆಂಡು ಉಳಿಸಿ ತೋರಿಸಿದರು. ಇದೇನು ಮಹಾ ಎನ್ನಬೇಡಿ. ಅಷ್ಟರಲ್ಲಿ ಸಾವಿರಾರು ಸಲ ಸ್ಪಿನ್ನನ್ನು ಹೊರಳಿಸಬಹುದು.

ಇದರ ಉಪಯೋಗಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಅಳತೆಯ ಕೆಲಸ. ಸೂಜಿಗಲ್ಲಾದ ಮೇಲೆ ಅದು ಹೊರಗಿನ ಕಾಂತಕ್ಷೇತ್ರಕ್ಕೆ ಓಗೊಡಲೇಬೇಕಲ್ಲವೆ? ಕ್ಷೇತ್ರ ಒಂದು ನ್ಯಾನೋಟೆಸ್ಲಾದಷ್ಟು ಹೆಚ್ಚಿದರೆ ಮೈಕ್ರೋವೇವಿನ ಶ್ರುತಿ ಸೆಕೆಂಡಿಗೆ ೨೮ ಕಂಪನಗಳಷ್ಟು ಸರಿಯುತ್ತದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು ೪೦,೦೦೦ ನ್ಯಾನೋಟೆಸ್ಲಾ. ಕೇಂದ್ರದ ಅಕ್ಷ ಅದರ ನೇರಕ್ಕಿದ್ದರೆ ಶ್ರುತಿ ಹನ್ನೊಂದು ಲಕ್ಷ ಕಂಪನಗಳಷ್ಟು ಜರುಗುತ್ತದೆ. ವೀಣೆ ಬಲ್ಲವರಿಗೆ ಈ ಮಾತು ಕೂಡಲೆ ಅರ್ಥವಾದೀತು: ತಂತಿ ಎಷ್ಟು ಅಪಸ್ವರವಾಯಿತೆಂಬುದರಿಂದ ಬಿರಡೆ ಎಷ್ಟು ತಿರುಗಿತೆಂದು ಹೇಳಿದಂತೆ. ಬಿಸಿಗೂ ಅದು ಓಗೊಡುತ್ತದೆ; ಒಂದು ಡಿಗ್ರಿ ಏರಿದರೆ ಶ್ರುತಿ ಸುಮಾರು ೭೪ ಸಾವಿರ ಕಂಪನಗಳಷ್ಟು ಇಳಿಯುತ್ತದೆ. ೨೦೧೩ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ವಜ್ರದ ಪುಡಿಯ ಅತಿಸೂಕ್ಷ್ಮ ಕಣಗಳನ್ನು ಜೀವಂತ ಜೀವಕೋಶದೊಳಗೆ ಸೇರಿಸಿ ಅದರ ಜ್ವರ ನೋಡಿದರು! ಅದೇ ವರುಷ, ಕೆಲವು ಬ್ಯಾಕ್ಟೀರಿಯಗಳು ತಮ್ಮೊಳಗೆ ಬೆಳೆಸಿಕೊಳ್ಳುವ ಕಾಂತಕಣಗಳ ಚಿತ್ರವನ್ನೂ ವಜ್ರದ ಹಲಗೆಯ ಮೇಲೆ ತೆಗೆಯಲಾಯಿತು.

೨೦೧೫ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ನಡೆದ ಪ್ರಯೋಗ ಇನ್ನೊಂದು ಬಗೆಯದು. ೧.೩ ಕಿಲೋಮೀಟರು ದೂರದ ಎರಡು ಕಟ್ಟಡಗಳಲ್ಲಿ ಎರಡು ವಜ್ರಗಳು; ಎರಡರೊಳಗೂ ಒಂದೊಂದು ದೋಷ. ಇವನ್ನು ಮಾತ್ರ ಚೆನ್ನಾಗಿ ತಂಪುಮಾಡಿದ್ದರು. ಬೆಳಕಿನ ಕಣಗಳ ಮೂಲಕ ಆ ಎರಡರ ನಡುವೆ ಕ್ವಾಂಟಂ ನಂಟನ್ನು ಬೆಸೆದು, ಒಂದರ ಅಳತೆಯ ಸುದ್ದಿ ಬೆಳಕಿನ ವೇಗದಲ್ಲಿ ಹೊರಟರೂ ಇನ್ನೊಂದನ್ನು ತಲಪುವ ಮೊದಲೇ ಅದನ್ನೂ ಅಳೆದರು. ಫಲಿತಾಂಶಗಳು ಐನ್‌ಸ್ಟೈನರು ಬಯಸಿದ ಬಗೆಯ ಪ್ರಪಂಚದಲ್ಲಿ ಬರಲಾಗದಷ್ಟು ಒಂದಕ್ಕೊಂದು ಹೊಂದಿಕೊಂಡವು. ೨೨೦ ಗಂಟೆಗಳ ಪ್ರಯೋಗದಲ್ಲಿ ದೊರೆತ ಲೆಕ್ಕಕ್ಕೆ ಬರುವ ಅಳತೆಗಳು ೨೪೫. ಗಂಟೆಗೆ ಹೆಚ್ಚುಕಡಮೆ ಒಂದು. ಇದನ್ನು ಓದುವಾಗ ಛಾಯಾಫಲಕದ ಮುಂದೆ ಇಪ್ಪತ್ತು ಗಂಟೆ ಕಾದ ಬೆಂಗಳೂರಿನ ಆ ತರುಣಿ ನನ್ನ ಕಣ್ಣೆದುರಿಗೆ ಬಂದಳು.

ಈ ದೋಷಗಳನ್ನು ಈಗ ಬೇಕೆಂದೇ ಮಾಡುತ್ತಾರೆ. ಪ್ರಯೋಗಶಾಲೆಯಲ್ಲಿ ಅನಿಲದಿಂದ ಬೆಳೆಸಿದ ಶುದ್ಧ ವಜ್ರಕ್ಕೆ ಲೆಕ್ಕವಿಟ್ಟು ಸಾರಜನಕ ಸೇರಿಸಿ, ಎಲೆಕ್ಟ್ರಾನುಗಳ ಪೆಟ್ಟಿನಿಂದ ಖಾಲಿ ಜಾಗಗಳನ್ನು ಎಬ್ಬಿಸಿ, ಎಂಟುನೂರು ಡಿಗ್ರಿಗೆ ಕಾಸುತ್ತಾರೆ. ಆ ಬಿಸಿಗೆ ಖಾಲಿ ಜಾಗ ಅಲೆದಾಡತೊಡಗಿ, ಸಾರಜನಕ ಸಿಕ್ಕಿದಲ್ಲಿ ನೆಲೆನಿಲ್ಲುತ್ತದೆ. ನಮ್ಮ ದೇಶದಲ್ಲಿಯೂ ಕೆಲಸ ತೊಡಗಿದೆ. ೨೦೨೩ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ೬,೦೦೩.೬೫ ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಗಣಕದ ಹೊಣೆ ರಾಮನ್ನರು ದುಡಿದ ಬೆಂಗಳೂರಿನ ವಿಜ್ಞಾನ ಮಂದಿರದ್ದು, ಸೂಕ್ಷ್ಮ ಅಳತೆಯ ಹೊಣೆ ಮುಂಬಯಿಯ ಐ.ಐ.ಟಿ.ಯದು. ಮುಂಬಯಿಯ ಆ ಸಂಸ್ಥೆಯೂ ಟಿ.ಸಿ.ಎಸ್. ಕಂಪನಿಯೂ ಸೇರಿ, ಗಣಕದ ಚಿಪ್ಪುಗಳೊಳಗೆ ವಿದ್ಯುತ್ತು ಹರಿಯುವ ಬಗೆಯನ್ನು ವಜ್ರದ ದೋಷಗಳಿಂದ ಚಿತ್ರಿಸುವ ಉಪಕರಣವನ್ನು ಕಟ್ಟುವುದಾಗಿ ೨೦೨೪ರಲ್ಲಿ ತಿಳಿಸಿದುವು. ವಜ್ರದಿಂದ ನಾಳೆಯೇ ಮಹಾಗಣಕ ಬಂದೀತೆಂದು ಹೇಳುವವರೂ ಇದ್ದಾರೆ. ನನಗೆ ಅಷ್ಟು ಆತುರವಿಲ್ಲ. ದೋಷಗಳನ್ನು ಬೇಕಾದ ಕಡೆ ಬೇಕಾದಷ್ಟೇ ಇರಿಸಿ, ನೂರಾರನ್ನು ಒಟ್ಟಿಗೆ ದುಡಿಸುವುದು ಇನ್ನೂ ಬಹಳ ಕಷ್ಟದ ಕೆಲಸ.

ಆ ರಾತ್ರಿ ಮಾತು ಇಲ್ಲಿಗೆ ಬರುವ ಹೊತ್ತಿಗೆ ಹೊರಗೆ ಮಳೆ ಹಿಡಿದಿತ್ತು. ವಾಡಿಕೆಯಂತೆ ವಿದ್ಯುತ್ತು ಹೋಯಿತು. ಕಿರಿಯ ಮೊಮ್ಮಗಳು ಒಳಗೆ ಹೋಗಿ ನೋಟು ಪರೀಕ್ಷಿಸುವ ಸಣ್ಣ ಅತಿನೇರಿಳೆ ಟಾರ್ಚನ್ನು ತಂದಳು. ಭರಣಿಯಿಂದ ಮೂಗುತಿಯನ್ನು ತೆಗೆದು ಅಂಗೈಯ ಮೇಲಿಟ್ಟು ಟಾರ್ಚು ಬಿಟ್ಟಳು. ಕತ್ತಲೆಯಲ್ಲಿ ಆ ಸಾಸಿವೆಯಷ್ಟು ಕಲ್ಲು ತಿಳಿನೀಲಿಯಾಗಿ, ಆಗತಾನೆ ಹೊತ್ತಿಸಿದ ಹಣತೆಯಂತೆ ಬೆಳಗಿತು.

"ಮೂರು ಸಾರಜನಕ, ಒಂದು ಖಾಲಿ ಎಲೆ," ಎಂದಳು ಆಕೆ. "ಭೂಮಿಯ ಹೊಟ್ಟೆಯಲ್ಲಿ ಕೋಟ್ಯಂತರ ವರ್ಷ ಬೆಂದು ಆದದ್ದು ಅಮ್ಮಮ್ಮ. ಅಜ್ಜ ಹುಟ್ಟುವ ಮೊದಲಿನಿಂದ ಹೀಗೆಯೇ ಇತ್ತು. ಅಜ್ಜನ ಅತ್ತಿಗೂ ಇದಕ್ಕೂ ಎಂತ ಸಂಬಂಧ?"

ಹುಡುಗಿ ಆತುರದಲ್ಲಿ ಏನೋ ತಪ್ಪಾಡಿದಳು. 'ಅಜ್ಜನ ಸಾವಿಗೂ' ಎನ್ನಲು ಹೊರಟು ನಾಲಗೆ ಹೊರಳಿತ್ತು. ದೊಡ್ಡಮ್ಮ ಅದನ್ನು ಗಮನಿಸಲಿಲ್ಲ. ಅವರು ಕಲ್ಲನ್ನೇ ನೋಡುತ್ತಿದ್ದರು. ಎಷ್ಟೋ ವರ್ಷ ತಮ್ಮ ಮೂಗಿನ ಮೇಲೆಯೇ ಇದ್ದರೂ ಆ ಬೆಳಕನ್ನು ಅವರು ಕಂಡಿರಲಿಲ್ಲ. ಟಾರ್ಚನ್ನು ಆರಿಸುವಂತೆ ಹೇಳಿದರು, ಕಲ್ಲು ಕತ್ತಲಾಯಿತು. ಮತ್ತೆ ಬಿಡುವಂತೆ ಹೇಳಿದರು; ಬೆಳಗಿತು. ಹೀಗೆ ಮೂರು ನಾಲ್ಕು ಸಲ ಆಯಿತು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಹಿರಿಯ ಮೊಮ್ಮಗಳನ್ನು ಕರೆದು ಮೂಗುತಿಯ ತಿರುಪನ್ನು ಅವಳ ಮೂಗಿಗೆ ಹಿಡಿದು ನೋಡಿದರು. ತೂತು ಚಿಕ್ಕದಾಗಿತ್ತು. ಅಕ್ಕಸಾಲಿಗನಿಗೆ ಹೇಳಿಕಳುಹಿಸಿದರು.